ಫ್ಲಾಗ್: ಏರದ, ಬೀಳುವ ಬಾವುಟ

ನಮಗೆ ಗೊತ್ತಿರುವ ಬಾವುಟ ಏರುತ್ತದೆ, ಹಾರುತ್ತದೆ. ಅಮೆರಿಕನ್ ಫುಟ್‌ಬಾಲ್‌ನ ಫ್ಲಾಗ್ ಬೀಳುತ್ತದೆ. ನೋಡಲು ಕರ್ಚೀಫಿನಂಥ ಒಂದು ಹಳದಿ ಬಟ್ಟೆ. ಗಾಳಿಗೆ ತೇಲಿ ಹೋಗದಿರಲಿ ಅಂತ ಅದಕ್ಕೆ ಒಂದಿಷ್ಟು ಭಾರ ಕಟ್ಟಿರುತ್ತಾರೆ. ರೆಫರಿಗಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಯಾರಾದರೂ ನಿಯಮ ಮುರಿದದ್ದು ಕಂಡ ಕೂಡಲೇ ಕಿತ್ತು ನೆಲಕ್ಕೆ ಎಸೆಯುತ್ತಾರೆ.

ಈ ಆಟ ನೋಡುವುದನ್ನು ನನಗೆ ಕಲಿಸಿದವನು ಅಲ್ಲಿ ಓದುತ್ತಿರುವ ನಮ್ಮ ಅಕ್ಕನ ಮಗ. ಅಲ್ಲಿ ಶನಿವಾರ ರಾತ್ರಿ ಅಂದರೆ ನಮಗೆ ಭಾನುವಾರ ಬೆಳಗಿನ ಜಾವ. ಅವನು ಅಲ್ಲಿಂದ ಫೋನಿನಲ್ಲಿ, ನಾನು ಇಲ್ಲಿ ಕಾಫಿ ಲೋಟ ಹಿಡಿದು. ಒಂದು ಸಲ ನಮ್ಮ ತಂಡದ ಹುಡುಗ ಚೆಂಡು ಹಿಡಿದು ಅರ್ಧ ಮೈದಾನ ಓಡಿದ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಆ ಕಡೆಯಿಂದ ಸಣ್ಣ ದನಿ ಬಂತು: "ಮಾಮ, ಕೂತ್ಕೊಳ್ಳಿ. ಬಟ್ಟೆ ಬಿದ್ದಿದೆ." ಓಡಿದ್ದೆಲ್ಲ ಲೆಕ್ಕಕ್ಕಿಲ್ಲ, ತಂಡ ಇನ್ನೂ ಹತ್ತು ಗಜ ಹಿಂದಕ್ಕೆ ಹೋಯಿತು. ಅವತ್ತಿನಿಂದ ನಾನೂ ಕೂಗುವ ಮುಂಚೆ ನೆಲ ನೋಡುತ್ತೇನೆ.

ಈ ಬಟ್ಟೆಗೂ ಒಂದು ಹುಟ್ಟಿದ ಊರಿದೆ. ಮೊದಲೆಲ್ಲ ರೆಫರಿಗಳು ತಪ್ಪು ಕಂಡರೆ ಹಾರ್ನ್ ಊದುತ್ತಿದ್ದರು. ಜನರ ಗಲಾಟೆಯಲ್ಲಿ ಅದು ಯಾರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ಒಹಾಯೋದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ ಅವರಿಗೆ ಇದು ಸರಿಬರಲಿಲ್ಲ. ಕಣ್ಣಿಗೆ ಕಾಣುವಂಥದ್ದು ಏನಾದರೂ ಮಾಡಿಕೊಡು ಅಂತ ಹೆಂಡತಿ ಇರ್ಮಾಗೆ ಹೇಳಿದರು. ಆಕೆ ಮಗಳ ಹಳೆಯ ಹಬ್ಬದ ವೇಷದ ಕೆಂಪು ಬಟ್ಟೆ, ಹಳೆಯ ಬೆಡ್‌ಶೀಟಿನ ಬಿಳಿ ಬಟ್ಟೆ ಸೇರಿಸಿ ಹೊಲಿದರು. ಭಾರಕ್ಕೆ ಮೀನು ಹಿಡಿಯುವ ದಾರಕ್ಕೆ ಕಟ್ಟುವ ಸೀಸದ ಗುಂಡು ಹಾಕಿದರು. 1941ರ ಅಕ್ಟೋಬರ್‌ನಲ್ಲಿ ಒಕ್ಲಹೋಮಾ ಸಿಟಿ ತಂಡದ ಜೊತೆಗಿನ ಪಂದ್ಯದಲ್ಲಿ ಅದು ಮೊದಲ ಸಲ ನೆಲಕ್ಕೆ ಬಿತ್ತು. ಮನೆಯ ಹಳೆ ಬಟ್ಟೆಯಿಂದ ಹುಟ್ಟಿದ ವಸ್ತು ಇವತ್ತು ಕೋಟ್ಯಂತರ ಡಾಲರಿನ ಪಂದ್ಯಗಳನ್ನು ನಿಲ್ಲಿಸುತ್ತದೆ. ಆ ತಾಯಿಯನ್ನು ನೆನೆಯದೆ ನನಗೆ ಈ ಪದದ ಬಗ್ಗೆ ಮುಂದೆ ಬರೆಯಲು ಮನಸ್ಸಾಗುವುದಿಲ್ಲ.

ಫ್ಲಾಗ್ ಬಿದ್ದರೆ ಶಿಕ್ಷೆ ಏನು? ಗಜಗಳ ಲೆಕ್ಕ. ಮೈದಾನ 100 ಗಜ. ಚೆಂಡು ಇರುವ ತಂಡ ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ, ಇದಕ್ಕೆ ಫಸ್ಟ್ ಡೌನ್ ಅನ್ನುತ್ತಾರೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ತಪ್ಪು ಮಾಡಿದ ತಂಡಕ್ಕೆ 5, 10 ಅಥವಾ 15 ಗಜದ ದಂಡ. ಐದು ಗಜ ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಹತ್ತು ಗಜಕ್ಕೇ ಇಷ್ಟು ಗುದ್ದಾಟ ಇರುವ ಆಟದಲ್ಲಿ ಐದು ಗಜ ಅಂದರೆ ಅರ್ಧ ಆಸ್ತಿ.

ಇಲ್ಲಿಯವರೆಗೆ ಹೇಳಿದ್ದು ಪದದ ಅರ್ಥ. ಆದರೆ ಅಭಿಮಾನಿಗಳು "ನಮ್ಮದು ಬರೀ ಫ್ಲಾಗ್ ತಿನ್ನುವ ತಂಡ" ಅಂತ ಹೊಟ್ಟೆ ಉರಿದುಕೊಂಡು ಹೇಳುವಾಗ ಅದರೊಳಗೆ ಇನ್ನೊಂದು ಅರ್ಥ ಇರುತ್ತದೆ. ಅದು ಕೋಚ್ ಮೇಲಿನ ದೂರು. ಅದು ಗೊತ್ತಾಗಬೇಕಾದರೆ ಎಷ್ಟು ಫ್ಲಾಗ್ ಬಿತ್ತು ಅಂತ ಎಣಿಸಿದರೆ ಸಾಲದು. ಯಾವಾಗ ಬಿತ್ತು ಅಂತ ನೋಡಬೇಕು.

ಸ್ನ್ಯಾಪ್ ಅಂದರೆ ಸಾಲಿನ ನಡುವೆ ಬಗ್ಗಿ ನಿಂತವನು ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವ ಕ್ಷಣ. ಪ್ರತಿ ಸಲ ಆಟ ಶುರುವಾಗುವುದು ಅಲ್ಲಿಂದ. ಆಟ ನಡೆಯುತ್ತಿರುವಾಗ ಬೀಳುವ ಫ್ಲಾಗ್ ಬಗ್ಗೆ ನನಗೆ ಜಾಸ್ತಿ ಕೋಪವಿಲ್ಲ. ಎದುರಿಗಿರುವವನು 140 ಕಿಲೋ ತೂಕದ ಆಳು, ನುಗ್ಗಿ ಬರುತ್ತಿದ್ದಾನೆ, ತಡೆಯುವ ಭರದಲ್ಲಿ ಇವನು ಅವನ ಅಂಗಿ ಹಿಡಿದು ಎಳೆದ. ಅದು ಹೋಲ್ಡಿಂಗ್, ಹತ್ತು ಗಜ. ತಪ್ಪೇ, ಆದರೆ ಕಷ್ಟಪಟ್ಟು ಮಾಡಿದ ತಪ್ಪು.

ಸ್ನ್ಯಾಪ್‌ಗೆ ಮುಂಚೆ ಬೀಳುವ ಫ್ಲಾಗ್ ಹಾಗಲ್ಲ. ಚೆಂಡು ಕದಲುವ ಮೊದಲೇ ಒಬ್ಬ ಅಲುಗಿದರೆ ಫಾಲ್ಸ್ ಸ್ಟಾರ್ಟ್. ಕೊಟ್ಟ ಸಮಯದೊಳಗೆ ಆಟ ಶುರು ಮಾಡದೆ ನಿಂತರೆ ಡಿಲೇ ಆಫ್ ಗೇಮ್. ಹನ್ನೊಂದು ಜನ ಇರಬೇಕಾದಲ್ಲಿ ಹನ್ನೆರಡನೆಯವನು ಇದ್ದರೆ ಅದಕ್ಕೂ ಒಂದು. ಇಲ್ಲಿ ಎದುರಾಳಿ ನಿಮ್ಮನ್ನು ಮುಟ್ಟಿಯೂ ಇಲ್ಲ. ಯಾರು, ಯಾವಾಗ, ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿರಲಿಲ್ಲ, ಅಷ್ಟೆ. ಗೊತ್ತು ಮಾಡಿಸಬೇಕಾದ ಕೆಲಸ ಯಾರದು?

ಮೂರನೆಯದು ಸೀಟಿ ಊದಿ ಆಟ ಮುಗಿದ ಮೇಲೆ ಬೀಳುವ ಫ್ಲಾಗ್. ತಳ್ಳುವುದು, ಗುದ್ದುವುದು, ಅಣಕಿಸುವುದು. ಇದಕ್ಕೆ 15 ಗಜ. ಎದುರಾಳಿಯ ಕೈಯಲ್ಲಿ ಚೆಂಡಿದ್ದರೆ ಅವರಿಗೆ ಪುಕ್ಕಟೆ ಫಸ್ಟ್ ಡೌನ್ ಬೇರೆ.

ಕ್ರಿಕೆಟ್ ನೋಡುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. 2017ರ ಚಾಂಪಿಯನ್ಸ್ ಟ್ರೋಫಿ ಫೈನಲ್ ನೆನಪಿದೆ ಅಲ್ವಾ? ಫಖರ್ ಜಮಾನ್ 3 ರನ್ ಹೊಡೆದಿದ್ದಾಗ ಬುಮ್ರಾ ಬೌಲಿಂಗ್‌ನಲ್ಲಿ ಧೋನಿ ಕ್ಯಾಚ್ ಹಿಡಿದರು. ನೋಬಾಲ್ ಆಗಿತ್ತು. ಅವರು 114 ಹೊಡೆದು ಹೋದರು, ಭಾರತ 180 ರನ್ನಿಂದ ಸೋತಿತು. ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆದರೆ ಸಹಿಸಬಹುದು, ಗೆರೆ ದಾಟಿದ ಕಾಲನ್ನು ಸಹಿಸುವುದು ಕಷ್ಟ. ಸ್ನ್ಯಾಪ್‌ಗೆ ಮುಂಚಿನ ಫ್ಲಾಗ್ ಕಂಡಾಗ ಅಲ್ಲಿನವರಿಗೆ ಆಗುವ ಸಂಕಟ ಇದೇ ಜಾತಿಯದು.

ಈಗ ಒಂದು ನಿಜವಾದ ತಂಡ ನೋಡೋಣ. ಫ್ಲೋರಿಡಾ ವಿಶ್ವವಿದ್ಯಾಲಯದ ಗೇಟರ್ಸ್. ಊರು ಗೇನ್ಸ್‌ವಿಲ್. 88 ಸಾವಿರ ಜನ ಹಿಡಿಯುವ ಮೈದಾನ, ಮೂರು ಸಲ ರಾಷ್ಟ್ರೀಯ ಚಾಂಪಿಯನ್ ಆದ ತಂಡ. ಹಣಕ್ಕಾಗಲಿ ಪ್ರತಿಭೆಗಾಗಲಿ ಅಲ್ಲಿ ಬರವಿಲ್ಲ.

2023ರ ಆಗಸ್ಟ್ 31, ಬಿಲ್ಲಿ ನೇಪಿಯರ್ ಕೋಚ್ ಆಗಿದ್ದ ಎರಡನೇ ವರ್ಷದ ಮೊದಲ ಪಂದ್ಯ. ಯೂಟಾ ತಂಡಕ್ಕೆ ಮುಂದೆ ಹೋಗಲು ಆಗದೆ ಚೆಂಡನ್ನು ಒದ್ದು ಫ್ಲೋರಿಡಾಗೆ ಬಿಟ್ಟುಕೊಟ್ಟಿತು. ಫ್ಲಾಗ್ ಬಿತ್ತು. ಕಾರಣ ಏನು ಗೊತ್ತಾ? ಫ್ಲೋರಿಡಾದ ಇಬ್ಬರು ಹುಡುಗರು ಒಂದೇ ಸಲಕ್ಕೆ ಮೈದಾನದಲ್ಲಿದ್ದರು, ಇಬ್ಬರ ಬೆನ್ನ ಮೇಲೂ 3ನೇ ನಂಬರ್. ಕಾಲೇಜು ತಂಡದಲ್ಲಿ ನೂರಕ್ಕೂ ಹೆಚ್ಚು ಜನ ಇರುವುದರಿಂದ ಒಂದೇ ನಂಬರ್ ಇಬ್ಬರಿಗೆ ಕೊಡಬಹುದು, ಇಬ್ಬರನ್ನೂ ಒಟ್ಟಿಗೆ ಇಳಿಸಬಾರದು. ಚೆಂಡು ಮತ್ತೆ ಯೂಟಾ ಕೈಗೆ ಹೋಯಿತು. ಅದೇ ಸರದಿಯಲ್ಲಿ ಅವರು ಚೆಂಡನ್ನು ಕೊನೆಯ ಗೆರೆ ದಾಟಿಸಿ ಅಂಕ ಗಳಿಸಿದರು, ಇದಕ್ಕೆ ಟಚ್‌ಡೌನ್ ಅನ್ನುತ್ತಾರೆ. ಪಂದ್ಯ 24-11ರಲ್ಲಿ ಹೋಯಿತು. ಓಡಿ, ಬಿದ್ದು, ಎದ್ದು ಮಾಡಿದ ತಪ್ಪಲ್ಲ ಇದು. ಒಂದು ಹಾಳೆಯ ಮೇಲೆ ಪಟ್ಟಿ ನೋಡಿಕೊಂಡಿದ್ದರೆ ಆಗುತ್ತಲೇ ಇರಲಿಲ್ಲ.

ಅದೇ ವರ್ಷ ನವೆಂಬರ್ 4. ಸತತ ಆರು ಪಂದ್ಯ ಸೋತು ಬಂದಿದ್ದ ಆರ್ಕನ್ಸಾ ಎದುರಿಗೆ. ಸ್ಕೋರ್ 33-33, ಗಡಿಯಾರದಲ್ಲಿ ಕೆಲವೇ ಸೆಕೆಂಡು. ಫ್ಲೋರಿಡಾ ಮಾಡಬೇಕಾದ್ದು ಒಂದೇ: ಸಾಲಾಗಿ ನಿಂತು ಚೆಂಡನ್ನು ನೆಲಕ್ಕೆ ಬಡಿಯುವುದು. ಗಡಿಯಾರ ನಿಲ್ಲುತ್ತದೆ, ಆಮೇಲೆ ಆರಾಮಾಗಿ ಕಿಕ್ ಹೊಡೆಯಬಹುದು. ಒದ್ದ ಚೆಂಡು ಎರಡು ಕಂಬಗಳ ನಡುವೆ ದಾಟಿದರೆ ಮೂರು ಅಂಕ, ಗೆಲುವು. ಚೆಂಡು ಬಡಿಯುವವರು ಸಾಲಿಗೆ ಬರುತ್ತಿದ್ದಾರೆ, ಅಷ್ಟರಲ್ಲಿ ಕಿಕ್ ಹೊಡೆಯುವ ಗುಂಪು ಕೂಡ ಒಳಗೆ ಓಡಿ ಬಂತು. ಅರ್ಧ ಜನ ಹೊರಗೆ ಓಡುತ್ತಿದ್ದಾರೆ, ಅರ್ಧ ಜನ ಒಳಗೆ. ಸಂತೆಯ ದಿನ ಬಸ್ಸಿನ ಒಂದೇ ಬಾಗಿಲಲ್ಲಿ ಹತ್ತುವವರೂ ಇಳಿಯುವವರೂ ಸಿಕ್ಕಿಕೊಂಡ ಹಾಗೆ. ಫ್ಲಾಗ್, ಐದು ಗಜ. 39 ಗಜದ ಕಿಕ್ 44 ಗಜ ಆಯಿತು. ಹುಡುಗ ಒದ್ದ, ಚೆಂಡು ಕಂಬದ ಹೊರಗಿನಿಂದ ಹೋಯಿತು. ಹೆಚ್ಚುವರಿ ಸಮಯದಲ್ಲಿ ಆರ್ಕನ್ಸಾ 39-36ರಲ್ಲಿ ಗೆದ್ದಿತು. ಗೇನ್ಸ್‌ವಿಲ್ ಮೈದಾನದಲ್ಲಿ ಅವರಿಗೆ ಅದು ಮೊತ್ತಮೊದಲ ಗೆಲುವು.

ಎರಡೂ ತಪ್ಪು ನಡೆದದ್ದು ಒಂದೇ ವಿಭಾಗದಲ್ಲಿ, ಅದನ್ನು ಗಮನಿಸಿ. ಚೆಂಡು ಒದೆಯುವ, ಒದ್ದದ್ದನ್ನು ಹಿಡಿಯುವ ಗುಂಪಿಗೆ ಸ್ಪೆಷಲ್ ಟೀಮ್ಸ್ ಅನ್ನುತ್ತಾರೆ. ಆಗಿನ ನಿಯಮದ ಪ್ರಕಾರ ಮೈದಾನದಲ್ಲಿ ಪಾಠ ಹೇಳಲು ಹತ್ತು ಸಹಾಯಕ ಕೋಚ್‌ಗಳಿಗೆ ಮಾತ್ರ ಅವಕಾಶ. ಅದರಲ್ಲಿ ನೇಪಿಯರ್ ಎರಡು ಜಾಗವನ್ನು ಮುಂಚೂಣಿ ಸಾಲಿನ ಆಟಗಾರರಿಗೆ ಕಲಿಸುವವರಿಗೇ ಕೊಟ್ಟಿದ್ದರು. ಸ್ಪೆಷಲ್ ಟೀಮ್ಸ್‌ಗೆ ಅಂತಲೇ ಒಬ್ಬ ಪೂರ್ತಿ ಕೋಚ್ ಇರಲಿಲ್ಲ. ಮೇಷ್ಟ್ರೇ ಇಲ್ಲದ ಪಾಠದಲ್ಲಿ ಮಕ್ಕಳು ನಪಾಸಾದರೆ ಮಕ್ಕಳನ್ನು ಬೈದು ಏನು ಪ್ರಯೋಜನ? ಕಿಕ್ ತಪ್ಪಿಸಿದ ಹುಡುಗನನ್ನು ಅವತ್ತು ತುಂಬ ಜನ ಬೈದರು. ನನಗೆ ಮಾತ್ರ ಅವನ ಮೇಲೆ ಸಿಟ್ಟು ಬರಲಿಲ್ಲ. ಆ ಐದು ಗಜ ಅವನು ಕಳೆದದ್ದಲ್ಲ.

ಇನ್ನು ಸೀಟಿಯ ನಂತರದ ಫ್ಲಾಗ್. ಇದಕ್ಕೂ ಅದೇ ಊರು ಸಾಕ್ಷಿ, ಆದರೆ ಕೋಚ್ ಬೇರೆ, ಡ್ಯಾನ್ ಮಲ್ಲೆನ್. 2020ರ ಡಿಸೆಂಬರ್ 12, ಕೋವಿಡ್ ವರ್ಷ. ಮೈದಾನದ ತುಂಬ ಮಂಜು. ದೇಶದಲ್ಲಿ ಆರನೇ ಸ್ಥಾನದಲ್ಲಿದ್ದ ಫ್ಲೋರಿಡಾಗೆ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ ಇದ್ದ ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಎದುರಾಳಿ. 34-34, ಎರಡು ನಿಮಿಷವೂ ಉಳಿದಿಲ್ಲ. ಎಲ್‌ಎಸ್‌ಯುಗೆ ಮೂರನೇ ಪ್ರಯತ್ನದಲ್ಲಿ ಹತ್ತು ಗಜ ಬೇಕು. ಚೆಂಡು ಹಿಡಿದವನನ್ನು ಫ್ಲೋರಿಡಾದ ಹುಡುಗರು ಮೊದಲೇ ಕೆಡವಿದರು. ಕೆಲಸ ಆಯಿತು. ಇನ್ನು ಅವರು ಚೆಂಡು ಒದ್ದು ಕೊಡಬೇಕು ಅಷ್ಟೆ.

ಬಿದ್ದವನ ಕಾಲಿನ ಶೂ ಒಂದು ಕಳಚಿ ಫ್ಲೋರಿಡಾದ ಒಬ್ಬನ ಕೈಯಲ್ಲಿತ್ತು. ಅವನು ಖುಷಿಯಲ್ಲಿ ಎದ್ದು ಆ ಶೂವನ್ನು ಜೋರಾಗಿ ಬೀಸಿ ಎಸೆದ. ಅದು ಸುಮಾರು 20 ಗಜ ದೂರ ಹೋಗಿ ಮಂಜಿನಲ್ಲಿ ಬಿತ್ತು. ಹಿಂದೆಯೇ ಹಳದಿ ಬಟ್ಟೆಯೂ ಬಿತ್ತು. 15 ಗಜ, ಫಸ್ಟ್ ಡೌನ್. ಸತ್ತಿದ್ದ ಸರದಿಗೆ ಜೀವ ಬಂತು. ಕೆಲವು ಆಟದ ನಂತರ ಎಲ್‌ಎಸ್‌ಯುನ ಕೇಡ್ ಯಾರ್ಕ್ 57 ಗಜದಿಂದ ಒದ್ದ ಚೆಂಡು ಮಂಜಿನೊಳಗೆ ಹೋಗಿ ಕಂಬಗಳ ನಡುವೆ ದಾಟಿತು. 37-34.

ಶೂ ಎಸೆದವನ ಹೆಸರು ಹುಡುಕಿದರೆ ಸಿಗುತ್ತದೆ, ನಾನು ಬರೆಯುವುದಿಲ್ಲ. ಕಾಲೇಜು ಹುಡುಗ, ಒಂದು ಕ್ಷಣ ಮೈಮರೆತ. ನನಗೆ ನೆನಪಾಗುವುದು ಅದಕ್ಕೆ ಆರು ವಾರ ಮುಂಚಿನ ಇನ್ನೊಂದು ದೃಶ್ಯ. ಅಕ್ಟೋಬರ್ 31ರಂದು ಮಿಸೌರಿ ಜೊತೆಗಿನ ಪಂದ್ಯದ ಮಧ್ಯಂತರದ ಹೊತ್ತಿಗೆ ಎರಡೂ ತಂಡ ಕೈಕೈ ಮಿಲಾಯಿಸಿದವು. ಬಿಡಿಸಬೇಕಾದ ಮಲ್ಲೆನ್ ಅವರೇ ಸಿಟ್ಟಿನಿಂದ ನುಗ್ಗಿ ಹೋಗಿದ್ದರು. ಆಮೇಲೆ ಕೈ ಎತ್ತಿ ಜನರನ್ನು ಹುರಿದುಂಬಿಸುತ್ತಾ ಒಳಗೆ ಹೋದರು. ಅವರಿಗೆ 25 ಸಾವಿರ ಡಾಲರ್ ದಂಡ ಬಿತ್ತು. ಮನೆಯ ಯಜಮಾನ ಬೀದಿಯಲ್ಲಿ ತೋಳೇರಿಸಿದರೆ ಮನೆಯ ಮಕ್ಕಳು ಏನು ಕಲಿಯುತ್ತಾರೆ ಹೇಳಿ.

ಫ್ಲಾಗ್ ಜಾಸ್ತಿ ಬಿದ್ದ ತಂಡ ಸೋತೇ ಸೋಲುತ್ತದೆ ಅಂತ ಇದರಿಂದ ತಿಳಿಯಬಾರದು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 2013ರ ಸಾಲಿನಲ್ಲಿ ಅತಿ ಹೆಚ್ಚು ಫ್ಲಾಗ್ ತಿಂದ ಸಿಯಾಟಲ್ ಸೀಹಾಕ್ಸ್ ತಂಡವೇ ಆ ಸಾಲಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಮೈಮೇಲೆ ಬಿದ್ದು ಆಡುವ ರಕ್ಷಣೆ ಅವರದು. ಅಷ್ಟು ಒರಟಾಗಿ ಆಡಿದರೆ ಒಂದಿಷ್ಟು ದಂಡ ಕಟ್ಟಬೇಕಾಗುತ್ತದೆ ಅಂತ ಗೊತ್ತಿದ್ದೇ ಆಡುತ್ತಿದ್ದರು. ಅದು ಲೆಕ್ಕ ಹಾಕಿ ಮಾಡಿದ ಖರ್ಚು. ಗೇನ್ಸ್‌ವಿಲ್‌ನಲ್ಲಿ ಆದದ್ದು ಜೇಬಿನ ತೂತಿನಿಂದ ಬಿದ್ದುಹೋದ ದುಡ್ಡು.

ತೂತು ಹೊಲಿಯುವ ದಾರಿ ಎಲ್ಲ ಕೋಚ್‌ಗಳಿಗೂ ಗೊತ್ತು. ಕಾಲೇಜು ಹುಡುಗರನ್ನು ವಾರಕ್ಕೆ 20 ಗಂಟೆಗಿಂತ ಹೆಚ್ಚು ತರಬೇತಿಗೆ ಕೂರಿಸುವಂತಿಲ್ಲ. ಒಳ್ಳೆಯ ಕೋಚ್ ಆ 20 ಗಂಟೆಯಲ್ಲೇ ಇದಕ್ಕೂ ಜಾಗ ಮಾಡುತ್ತಾನೆ. ಅಭ್ಯಾಸಕ್ಕೇ ರೆಫರಿಗಳನ್ನು ಕರೆಸಿ ಫ್ಲಾಗ್ ಎಸೆಸುತ್ತಾರೆ. ದೊಡ್ಡ ಸ್ಪೀಕರ್ ಇಟ್ಟು ಜನರ ಕಿರುಚಾಟ ಹಾಕುತ್ತಾರೆ. ಬೇರೆಯವರ ಊರಿನಲ್ಲಿ ಪಕ್ಕದವನ ಮಾತೂ ಕೇಳದಿದ್ದಾಗ ಸನ್ನೆಯ ಮೇಲೇ ಒಟ್ಟಿಗೆ ಕದಲುವುದನ್ನು ಕಲಿಸುತ್ತಾರೆ. ತಪ್ಪಿದರೆ ಇಡೀ ಸಾಲು ಓಡಬೇಕು. ಬೇಜಾರಿನ ಕೆಲಸ, ಟಿವಿಯಲ್ಲಿ ಯಾರೂ ತೋರಿಸುವುದಿಲ್ಲ.

ಕೊನೆಯದಾಗಿ 2025ರ ಸೆಪ್ಟೆಂಬರ್ 6. ಮತ್ತೆ ಗೇನ್ಸ್‌ವಿಲ್, ನೇಪಿಯರ್‌ಗೆ ನಾಲ್ಕನೇ ವರ್ಷ. 13ನೇ ಸ್ಥಾನದ ಫ್ಲೋರಿಡಾ ಯಾವತ್ತೂ ತನ್ನನ್ನು ಸೋಲಿಸಿರದ ಸೌತ್ ಫ್ಲೋರಿಡಾ ಮೇಲೆ 16-15ರಲ್ಲಿ ಮುಂದಿತ್ತು. ಎದುರಾಳಿಯ ಕೊನೆಯ ಸರದಿ. ನಾನು ಫೋನ್ ಕಿವಿಗಿಟ್ಟುಕೊಂಡು ನೋಡುತ್ತಿದ್ದೆ.

"ಮಾಮ, ಬಟ್ಟೆ."

"ಮುಂಚೆನಾ, ಆಮೇಲಾ?"

"ಆಮೇಲೆ. ಉಗಿದಿದ್ದಾನೆ."

ಫ್ಲೋರಿಡಾದ ಆಟಗಾರನೊಬ್ಬ ಎದುರಾಳಿಯ ಮೇಲೆ ಉಗಿದಿದ್ದ. ಅವನನ್ನು ಹೊರಗೆ ಕಳಿಸಿದರು, 15 ಗಜ ದಂಡ ಹಾಕಿದರು. ಅವತ್ತು ಆ ತಂಡದ ಒಟ್ಟು ಲೆಕ್ಕ 11 ಫ್ಲಾಗ್, 103 ಗಜ. ಒಂದು ಇಡೀ ಮೈದಾನಕ್ಕಿಂತ ಜಾಸ್ತಿ. ಗಡಿಯಾರ ಸೊನ್ನೆಗೆ ಬರುವಾಗ ಸೌತ್ ಫ್ಲೋರಿಡಾ 20 ಗಜದಿಂದ ಕಿಕ್ ಹೊಡೆದು 18-16ರಲ್ಲಿ ಗೆದ್ದಿತು. ಅಕ್ಕನ ಮಗ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಅಕ್ಟೋಬರ್ 19ರಂದು ನೇಪಿಯರ್ ಅವರನ್ನು ಕೆಲಸದಿಂದ ತೆಗೆದರು. ಹಿಂದಿನ ದಿನವಷ್ಟೇ ಅವರ ತಂಡ ಮಿಸಿಸಿಪ್ಪಿ ಸ್ಟೇಟ್ ಮೇಲೆ 23-21ರಲ್ಲಿ ಗೆದ್ದಿತ್ತು.