ಶಾಪದ ಕಾರ್ಡಿಗೂ ಒಂದು ವಂಶವೃಕ್ಷ

‘ಒಂಬತ್ತು ದಿನದೊಳಗೆ ಒಂಬತ್ತು ಜನರಿಗೆ ಬರೆದು ಹಾಕಿ. ಬರೆದವರಿಗೆ ಲಾಟರಿ ಹೊಡೆದಿದೆ. ಹರಿದು ಎಸೆದವರ ಮನೆಯಲ್ಲಿ ಸಾವಾಗಿದೆ.’ ಮೊಬೈಲ್ ಬರುವ ಮೊದಲು ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಿಗೂ ಇಂಥ ಕಾರ್ಡುಗಳು ಬರುತ್ತಿದ್ದವು. ದೇವರು ಬೇರೆ ಬೇರೆ, ಬೆದರಿಕೆ ಒಂದೇ. ಕಳಿಸಿದವರ ಹೆಸರು ಇರುತ್ತಿರಲಿಲ್ಲ. ನಂಬದವರೂ ‘ಸುಮ್ನೆ ಯಾಕೆ ರಗಳೆ’ ಎಂದು ಬರೆದು ಅಂಚೆ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು.

ಲೆಕ್ಕ ಹಾಕಿದರೆ ಶಾಪದ ಬಣ್ಣ ಬಯಲಾಗುತ್ತದೆ. ಒಬ್ಬರಿಂದ 9 ಕಾರ್ಡು, ಅವರಿಂದ 81, ಆಮೇಲೆ 729. ಯಾರೂ ತಪ್ಪಿಸದೆ ಬರೆದರೆ ಏಳನೇ ಸುತ್ತಿಗೇ 47 ಲಕ್ಷ ದಾಟುತ್ತದೆ. 2011ರ ಜನಗಣತಿಯಲ್ಲಿ ಇಡೀ ಶಿವಮೊಗ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 17.5 ಲಕ್ಷ. ಅಂದರೆ ಬಹಳ ಜನ ಹರಿದು ಎಸೆದೇ ಇದ್ದಾರೆ. ಎಸೆದವರೂ ಆರಾಮಾಗಿಯೇ ಇದ್ದರು, ಅಲ್ವಾ?

ಈ ಆಟಕ್ಕೆ ಬೇಕಿದ್ದದ್ದು ಅಗ್ಗದ ಅಂಚೆ. ನಮ್ಮಲ್ಲಿ ಕಾಲಾಣೆಯ ಕಾರ್ಡು ಬಂದದ್ದು 1879ರ ಜುಲೈನಲ್ಲಿ. ಅಮೆರಿಕದ ಡೆನ್ವರ್‌ನಲ್ಲಿ 1935ರಲ್ಲಿ ಇದಕ್ಕೆ ದುಡ್ಡೂ ಸೇರಿತು. ಪಟ್ಟಿಯ ಮೊದಲ ಹೆಸರಿಗೆ 10 ಸೆಂಟ್ ಕಳಿಸಿ, ಕೊನೆಗೆ ನಿಮ್ಮ ಹೆಸರು ಸೇರಿಸಿ, ಐದು ಜನರಿಗೆ ದಾಟಿಸಿ ಎನ್ನುವ ಪತ್ರಗಳಿಂದ ಅಲ್ಲಿನ ಅಂಚೆ ಕಚೇರಿ ತುಂಬಿಹೋಯಿತು. ನಮ್ಮ ದೇಶದಲ್ಲಿ ಇಂಥ ಹಣದ ಸರಪಳಿಗಳನ್ನು 1978ರ ಕಾಯ್ದೆ ನಿಷೇಧಿಸಿದೆ.

ಇಮೇಲ್ ಬಂದ ಮೇಲೆ ದೇವರ ಜಾಗಕ್ಕೆ ವೈರಸ್ ಬಂತು. 1994ರಲ್ಲಿ ‘ಗುಡ್ ಟೈಮ್ಸ್’ ಎಂಬ ಮೇಲ್ ತೆರೆದರೆ ಕಂಪ್ಯೂಟರ್ ಹಾಳಾಗುತ್ತದೆ ಎಂದು ಸುದ್ದಿ ಹಬ್ಬಿತು. ಅಂಥ ವೈರಸ್ಸೇ ಇರಲಿಲ್ಲ. 2002ರದ್ದು ಇನ್ನೂ ಚೆನ್ನಾಗಿದೆ. ಪುಟ್ಟ ಕರಡಿಮರಿಯ ಚಿತ್ರವಿರುವ ಫೈಲ್ ಹುಡುಕಿ, ಸಿಕ್ಕಿದರೆ ಅದು ವೈರಸ್, ಕೂಡಲೇ ಅಳಿಸಿ ಎಂದಿತ್ತು ಆ ಮೇಲ್. ಜನ ಹುಡುಕಿದರು. ಮೇಲ್ ಹೇಳಿದ ಜಾಗದಲ್ಲೇ ಕರಡಿ ಕೂತಿತ್ತು! ಅದು ಆಗ ವಿಂಡೋಸ್ ಜೊತೆಗೇ ಬರುತ್ತಿದ್ದ ಫೈಲ್, ಮೈಕ್ರೋಸಾಫ್ಟ್ ತಾನೇ ಇಟ್ಟದ್ದು. ಫೈಲ್ ಇದ್ದದ್ದು ನಿಜ, ಅದು ವೈರಸ್ ಎನ್ನುವುದು ಸುಳ್ಳು. ಕಣ್ಣಾರೆ ಕಂಡದ್ದರಿಂದಲೇ ಜನ ಮೋಸಹೋದರು.

ಈ ಕಾಗದಗಳನ್ನು ಕಸವೆಂದು ಬಿಡದೆ ಕೂಡಿಟ್ಟು ಓದಿದವರೂ ಇದ್ದಾರೆ. ಚಾರ್ಲ್ಸ್ ಬೆನೆಟ್, ಮಿಂಗ್ ಲಿ, ಬಿನ್ ಮಾ ಎಂಬ ವಿಜ್ಞಾನಿಗಳು 1980ರಿಂದ 1995ರ ನಡುವೆ ಸಿಕ್ಕಿದ್ದ ಒಂದೇ ಸರಪಳಿ ಪತ್ರದ 33 ಪ್ರತಿಗಳನ್ನು ಹಿಡಿದು ಕೂತರು. ಜೆರಾಕ್ಸಿನ ಮೇಲೆ ಜೆರಾಕ್ಸ್ ತೆಗೆದು ಅಕ್ಷರ ಮಸುಕಾದಾಗ ಯಾರೋ ಹೊಸದಾಗಿ ಟೈಪ್ ಮಾಡುತ್ತಾರೆ. ಆಗ ಹೆಸರು ಕೆಡುತ್ತದೆ, ಮೊತ್ತ ಬದಲಾಗುತ್ತದೆ, ಸಾಲು ಬಿಟ್ಟುಹೋಗುತ್ತದೆ. ಆ ತಪ್ಪು ಮುಂದಿನ ಪ್ರತಿಗಳಿಗೆಲ್ಲ ಇಳಿಯುತ್ತದೆ. ಜೀನ್‌ಗಳನ್ನು ಹೋಲಿಸುವ ರೀತಿಯಲ್ಲೇ ಹೋಲಿಸಿ, ಯಾವ ಪತ್ರ ಯಾವುದರ ಮಗು, ಯಾವುದರ ದಾಯಾದಿ ಎಂದು ಅವರು ವಂಶವೃಕ್ಷ ಬರೆದರು. 2003ರಲ್ಲಿ ಅದು ಅಚ್ಚಾಯಿತು.

ನಮ್ಮ ಕಡೆ ಅಕ್ಷರ ಮಸುಕಾಗಲು ಜೆರಾಕ್ಸ್ ಬೇಕಿರಲಿಲ್ಲ, ಆಷಾಢದ ಮಳೆಯಲ್ಲಿ ಕಾರ್ಡು ನೆನೆದರೆ ಸಾಕು. ಶಾಯಿ ಹರಡಿ 1 ಎನ್ನುವುದು 7 ಆಗಬಹುದು. ಹಾಗೆ ನೋಡಿದರೆ ಹಳಗನ್ನಡದ ಕಾವ್ಯಗಳನ್ನು ಸಂಪಾದಿಸಿದವರಿಗೆ ಈ ವಿದ್ಯೆ ಹೊಸದಲ್ಲ. ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ. ಅಂಥ ಗರಿಗಳನ್ನು ಹೋಲಿಸುವಾಗ ಎರಡು ಪ್ರತಿಗಳಲ್ಲಿ ಒಂದೇ ವಿಚಿತ್ರ ತಪ್ಪು ಕಂಡರೆ ಅವು ಒಂದೇ ಮೂಲದವು ಎಂದು ವಿದ್ವಾಂಸರು ಊಹಿಸುತ್ತಾರೆ. ಒಂದು ವ್ಯತ್ಯಾಸವಿದೆ. ತಪ್ಪಿದ್ದರೆ ತಿದ್ದಿ ಓದಿ ಎಂದು ಗರಿ ಬರೆದ ಲಿಪಿಕಾರ ಕೇಳಿಕೊಳ್ಳುತ್ತಿದ್ದ. ಕಾರ್ಡಿನವನು ಶಾಪ ಹಾಕುತ್ತಿದ್ದ.

ಶಾಪ ಯಾಕೆ ಎಂದೂ ಇಲ್ಲೇ ತಿಳಿಯುತ್ತದೆ. ಬೆದರಿಕೆ ಇಲ್ಲದ ಕಾರ್ಡನ್ನು ಯಾರೂ ನಕಲು ಮಾಡುವುದಿಲ್ಲ, ಅದು ಅಲ್ಲಿಗೇ ಸಾಯುತ್ತದೆ. ಹೆದರಿಸಿದ್ದು ಉಳಿಯುತ್ತದೆ. ಇದನ್ನು ಯಾರೋ ಕೂತು ಹೂಡಿದ ಸಂಚು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಸಾವಿರ ಕೈ ಸೋಸಿ ಉಳಿಸಿದ್ದು ಅದು.

ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಒತ್ತಿದರೆ ಒಂದಕ್ಷರವೂ ಕೆಡುವುದಿಲ್ಲ, ಬಂದ ದಾರಿಯೂ ಕಾಣುವುದಿಲ್ಲ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿ ಬೀದರ್ ಜಿಲ್ಲೆಯಲ್ಲೂ ಜನ ಒಬ್ಬನನ್ನು ಹೊಡೆದು ಕೊಂದರು. ಆಮೇಲೆ ಕಂಪನಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸುವ ಮಿತಿ ಹಾಕಿತು. ಬಹಳ ಕೈ ದಾಟಿದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬಂತು, 2020ರಿಂದ ಅದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಆದರೆ ಯಾರಾದರೂ ಅದನ್ನೇ ಕಾಪಿ ಮಾಡಿ, ‘ಬೆಂಗಳೂರು’ ತೆಗೆದು ‘ಸೊರಬ’ ಎಂದು ಹಾಕಿ ಹೊಸದಾಗಿ ಅಂಟಿಸಿದರೆ ಬಾಣ ಮಾಯವಾಗುತ್ತದೆ, ಮಿತಿಯೂ ಮೊದಲಿನಿಂದ ಶುರು.