ಬಿದ್ದ ಮರಗಳನ್ನು ಹಾಗೇ ಬಿಟ್ಟದ್ದೇಕೆ? ಲೋಥರ್ ಕಾಲುಹಾದಿಯ ಹಿನ್ನೆಲೆ

1999ರ ಡಿಸೆಂಬರ್ 26, ಕ್ರಿಸ್‌ಮಸ್ ಮರುದಿನ. ಫ್ರಾನ್ಸ್ ದಾಟಿ ಬಂದ ಲೋಥರ್ ಬಿರುಗಾಳಿ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಎಂಬ ಬೆಟ್ಟಗಾಡಿನ ಮೇಲೆ ಎರಗಿತು. ಅದಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯವೊಂದರಲ್ಲೇ ಸುಮಾರು 40,000 ಹೆಕ್ಟೇರ್ ಕಾಡು ನೆಲಕ್ಕೊರಗಿತು.

ಬರೀ ಗಾಳಿಯನ್ನು ದೂರಿದರೆ ಸಾಲದು. ಈ ಬೆಟ್ಟಗಳ ದೊಡ್ಡ ಮರಗಳನ್ನು ಹಿಂದೆ ಕಡಿದು, ತೆಪ್ಪ ಕಟ್ಟಿ, ರೈನ್ ನದಿಯಲ್ಲಿ ಹಾಲೆಂಡ್‌ಗೆ ಸಾಗಿಸಿದ್ದರು. ಬೋಳಾದ ಜಾಗದಲ್ಲಿ ಬೇಗ ಬೆಳೆಯುವ ಸ್ಪ್ರೂಸ್ ಎಂಬ ಸೂಜಿ ಎಲೆಯ ಮರ ನೆಟ್ಟರು. ಎರಡನೇ ಮಹಾಯುದ್ಧದ ನಂತರವೂ ಅದನ್ನೇ ಮಾಡಿದರು. ಸ್ಪ್ರೂಸ್ ಬೇರು ಹೆಚ್ಚಾಗಿ ಮೇಲ್ಮೇಲೆ ಹರಡುತ್ತದೆ. ಮಳೆಗೆ ಮೆತ್ತಗಾದ ಮಣ್ಣಿನಲ್ಲಿ ಅದಕ್ಕೆ ಹಿಡಿತ ಎಲ್ಲಿಂದ ಬರಬೇಕು?

ಬಿದ್ದ ಮರವನ್ನು ಕೂಡಲೇ ಎತ್ತಿ ಮಾರುವುದು ಅರಣ್ಯ ಇಲಾಖೆಗಳ ವಾಡಿಕೆ. ದುಡ್ಡು ಒಂದು ಕಾರಣ, ತೊಗಟೆ ದುಂಬಿ ಇನ್ನೊಂದು. ಆಗಷ್ಟೇ ಬಿದ್ದ ಸ್ಪ್ರೂಸ್ ತೊಗಟೆಯಡಿ ಅದು ಮರಿ ಮಾಡುತ್ತದೆ, ಆಮೇಲೆ ನಿಂತ ಮರಗಳಿಗೂ ನುಗ್ಗುತ್ತದೆ. 1983ರ ಬಿರುಗಾಳಿಯ ನಂತರ ಜರ್ಮನಿಯದೇ ಬವೇರಿಯನ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಬಿದ್ದ ಮರಗಳನ್ನು ಬಿಟ್ಟುಬಿಡಲು ಬವೇರಿಯಾ ರಾಜ್ಯದ ಕೃಷಿ ಮತ್ತು ಅರಣ್ಯ ಸಚಿವ ಹಾನ್ಸ್ ಐಸನ್‌ಮಾನ್ ಒಪ್ಪಿದ್ದರು. 1990ರ ದಶಕದಲ್ಲಿ ಅಲ್ಲಿ ದುಂಬಿಯಿಂದ ಸಾವಿರಾರು ಹೆಕ್ಟೇರ್ ಸ್ಪ್ರೂಸ್ ಒಣಗಿತು, ಸುತ್ತಲಿನ ಜನ ಸಿಟ್ಟಾದರು. ಆ ನೆನಪು ಇನ್ನೂ ಹಸಿಯಾಗಿದ್ದಾಗಲೇ ಲೋಥರ್ ನಂತರ ಬ್ಲ್ಯಾಕ್ ಫಾರೆಸ್ಟ್‌ನ ಶ್ಲಿಫ್‌ಕಾಫ್ ಬೆಟ್ಟದ ಹತ್ತಿರ ಸುಮಾರು 10 ಹೆಕ್ಟೇರ್ ಜಾಗವನ್ನು ಮುಟ್ಟದೆ ಬಿಟ್ಟರು. ಅದು ದೊಡ್ಡ ಧೈರ್ಯ ಅಂತಲೇ ನನ್ನ ಭಾವನೆ.

2003ರಲ್ಲಿ ಅಲ್ಲಿ ಸುಮಾರು 800 ಮೀಟರ್ ಉದ್ದದ ಲೋಥರ್ ಕಾಲುಹಾದಿ ತೆರೆಯಿತು. ಹಲಗೆ, ಮೆಟ್ಟಿಲು, ಏಣಿಗಳ ಮೇಲೆ ಹತ್ತಿಳಿಯುತ್ತಾ, ಅಡ್ಡಬಿದ್ದ ಕಾಂಡಗಳ ಮೇಲೂ ಕೆಳಗೂ ದಾಟಬೇಕು. ಬುಡಮೇಲಾದ ಮರದ ಬೇರುಗಳ ಜೊತೆ ಮಣ್ಣೂ ಎದ್ದು, ಪಕ್ಕದಲ್ಲಿ ಗುಂಡಿ ಬಿದ್ದಿರುತ್ತದೆ. ಆ ಬರಿ ಮಣ್ಣಿಗೆ ಗಾಳಿಯಲ್ಲಿ ತೇಲಿಬಂದ ಬರ್ಚ್ ಮರದ ಬೀಜ ಬೀಳುತ್ತದೆ. ರೋವನ್ ಮರದ ಹಣ್ಣು ತಿಂದ ಹಕ್ಕಿಗಳು ಅದರ ಬೀಜ ಉದುರಿಸುತ್ತವೆ. ಕೊಳೆತ ಕಾಂಡದ ಪಾಚಿಯಲ್ಲಿ ಬೆರಳುದ್ದದ ಸ್ಪ್ರೂಸ್ ಸಸಿ ಬೇರೂರುತ್ತದೆ. ಒಂದರ ಮೇಲೊಂದು ಬಿದ್ದ ಕಾಂಡಗಳ ನಡುವೆ ಜಿಂಕೆಗಳು ನುಸುಳುವುದು ಕಷ್ಟ, ಹಾಗಾಗಿ ಚಿಗುರು ಉಳಿಯುತ್ತದೆ. ಯಾರೂ ನೆಡದ ಈ ಕಾಡಲ್ಲೂ ಸ್ಪ್ರೂಸ್ ಬೇಕಾದಷ್ಟಿದೆ. ಆದರೆ ಈಗ ಅದರ ಜೊತೆ ಬೇರೆ ಮರಗಳೂ ಇವೆ, ಅಲ್ವಾ?

2014ರಲ್ಲಿ ಈ ಪ್ರದೇಶ ಬ್ಲ್ಯಾಕ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಅದರ ಹಿಂದಿನ ವರ್ಷ ಸುತ್ತಲಿನ ಹಲವು ಊರುಗಳ ಜನ ಮತ ಹಾಕಿ ಉದ್ಯಾನ ಬೇಡ ಅಂದಿದ್ದರು. ದುಂಬಿ ತಮ್ಮ ಕಾಡಿಗೂ ಬಂದರೆ ಅನ್ನುವ ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ಅದಕ್ಕೇ ಖಾಸಗಿ ಕಾಡುಗಳಿಗೆ ತಾಗುವ ಅಂಚಿನಲ್ಲಿ ಕನಿಷ್ಠ 500 ಮೀಟರ್ ಅಗಲದ ಪಟ್ಟಿ ಬಿಟ್ಟಿದ್ದಾರೆ. ಅಲ್ಲಿ ದುಂಬಿ ಹೊಕ್ಕ ಮರಗಳನ್ನು ಹುಡುಕಿ ಕಡಿದು ತೆಗೆಯುತ್ತಾರೆ.