ಮಾತೇ ಬಿಟ್ಬಿಟ್ರೆ ಸೇಫ್ ಅನ್ಕೊಂಡಿರೋರಿಗೆ

ನಾನು ದಾವಣಗೆರೆಲಿ ವಕೀಲೆ, ಇಲ್ಲಿನ ಕೆಲವು ಆಸ್ಪತ್ರೆ, ಸೊಸೈಟಿ, ಫೈನಾನ್ಸ್ ಕಂಪ್ನಿಗಳ ಲೈಂಗಿಕ ಕಿರುಕುಳ ತಡೆ ಕಮಿಟಿಲಿ ಹೊರಗಿನ ಮೆಂಬರ್ ಆಗಿ ಕೂರ್ತೀನಿ. ಟ್ರೇನಿಂಗ್ ಕೊಡೋಕೆ ಹೋದಲ್ಲೆಲ್ಲ ಈಗ ಗಂಡಸ್ರ ಬಾಯಲ್ಲಿ ಒಂದೇ ಮಾತು, "ಯಾಕ್ ಬೇಕ್ರೀ ಮೇಡಂ ತಲೆನೋವು, ನಾನಂತೂ ಹೆಣ್ಮಕ್ಳ ಜೊತೆ ಮಾತೇ ಕಮ್ಮಿ ಮಾಡ್ಬಿಟ್ಟೀನಿ" ಅಂತ. ಹಿಂಗೆ ಹೇಳೋರಲ್ಲಿ ಹೆಚ್ಚಿನವ್ರು ಮರ್ಯಾದಸ್ಥರೇ, ನಂಗೆ ಸಂಕಟ ಆಗೋದೂ ಅದಕ್ಕೇ, ಯಾಕಂದ್ರೆ ಕಾಟ ಕೊಡೋ ಮನುಷ್ಯ ಹೆದರ್ಕೊಂಡು ದೂರ ಸರಿಯಲ್ಲ, ಸರಿಯೋದು ಕೆಲ್ಸ ಕಲಿಸ್ಬೇಕಾದ ಸೀನಿಯರ್ರು.

ಇದ್ರಿಂದ ಹೆಣ್ಮಕ್ಳಿಗೆ ಏನು ನಷ್ಟ ಅಂತ ಸ್ವಲ್ಪ ಯೋಚ್ನೆ ಮಾಡಿ. ಮೈಕ್ರೋಫೈನಾನ್ಸ್ ಬ್ರಾಂಚಿಗೆ ಒಬ್ಬ ಹುಡುಗ ಒಬ್ಬ ಹುಡುಗಿ ಒಟ್ಟಿಗೇ ಸೇರ್ತಾರೆ ಅನ್ಕೊಳ್ಳಿ, ಹುಡುಗನ್ನ ಸೀನಿಯರ್ ತನ್ನ ಬೈಕಲ್ಲಿ ಜಗಳೂರು, ಚನ್ನಗಿರಿ ಕಡೆ ಕಲೆಕ್ಷನ್ನಿಗೆ ಕೂರಿಸ್ಕೊಂಡು ಹೋಗ್ತಾರೆ, ದಾರಿಲಿ ಟೀ ಅಂಗಡಿ ಮುಂದೆ ನಿಂತು ಯಾವ ಸಂಘದ ಲೋನ್ ಹೆಂಗೆ, ಮ್ಯಾನೇಜರ್ ಹತ್ರ ಹೆಂಗೆ ಮಾತಾಡ್ಬೇಕು ಎಲ್ಲ ಹೇಳ್ಕೊಡ್ತಾರೆ. ಹುಡುಗಿ ಬ್ರಾಂಚಲ್ಲೇ ಕೂತು ಎಂಟ್ರಿ ಹಾಕ್ತಾಳೆ. ಪ್ರಮೋಷನ್ ಬಂದಾಗ "ಅವಳಿಗೆ ಫೀಲ್ಡ್ ಗೊತ್ತಿಲ್ಲ" ಅನ್ನೋದೊಂದು ಮಾತು, ಅಷ್ಟಕ್ಕೇ ಮುಗೀತು. ಯಾರೂ ಅವಳಿಗೆ ಕೆಟ್ಟದ್ದು ಬಯಸಿಲ್ಲ, ಆದ್ರೂ ಅವಳ ದಾರಿ ಮುಚ್ಚೋಯ್ತು.

ಕೆಲ್ಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋ ಈ ಕಾನೂನು ಹುಟ್ಟಿದ್ದೇ ಹೆಣ್ಣು ತನ್ನ ಕೆಲ್ಸ ನೆಮ್ಮದಿಯಿಂದ ಮಾಡ್ಲಿ ಅಂತ. ರಾಜಸ್ಥಾನದಲ್ಲಿ ಸರ್ಕಾರದ ಯೋಜನೆಲಿ ಹಳ್ಳಿ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯೋಕೆ ಹೋಗಿದ್ದಕ್ಕೆ 1992ರಲ್ಲಿ ಅವ್ರ ಮೇಲೆ ಸಾಮೂಹಿಕ ಅತ್ಯಾಚಾರ ಆಯ್ತು, ಆ ಹಿನ್ನೆಲೆಯಲ್ಲೇ 1997ರಲ್ಲಿ ಇಂಥ ಕಿರುಕುಳ ತಡೆಯೋಕೆ ನಿಯಮ ಹಾಕ್ಕೊಟ್ಟ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, ಆಮೇಲೆ 2013ರ ಕಾಯ್ದೆ. ಇದ್ರಲ್ಲಿ ಎಲ್ಲೂ ಮಾತಾಡ್ಬೇಡಿ, ಒಟ್ಟಿಗೆ ಊಟ ಮಾಡ್ಬೇಡಿ ಅಂತ ಬರೆದಿಲ್ಲ. ಅವಳಿಗೆ ಬೇಡವಾದ ಮುಟ್ಟುವಿಕೆ, ಲೈಂಗಿಕ ಬೇಡಿಕೆ, ಅಶ್ಲೀಲ ಮಾತು, ಅಶ್ಲೀಲ ವಿಡಿಯೋ ತೋರ್ಸೋದು, ಇಂಥ ಬೇರೆ ಲೈಂಗಿಕ ವರ್ತನೆ, ಇವಕ್ಕೆ ಅಡ್ಡಿ ಅಷ್ಟೇ. "ಏನವ್ವಾ, ಊಟ ಆಯ್ತಾ" ಅಂತ ಕೇಳಿದ್ದಕ್ಕೆ ಕೇಸ್ ಆಗಲ್ಲ ಸ್ವಾಮಿ.

"ಸುಳ್ಳು ಕಂಪ್ಲೇಂಟ್ ಕೊಟ್ರೆ?" ಇದು ನಿಜವಾದ ಭಯ, ನಾನು ತಳ್ಳಿಹಾಕಲ್ಲ. ಆದ್ರೆ ಕಮಿಟಿ ಒಂದೇ ಕಡೆ ಕೇಳಿ ತೀರ್ಮಾನ ಮಾಡಲ್ಲ, ದೂರಿನ ಪ್ರತಿ ನಿಮಗೂ ಕೊಡ್ಬೇಕು, ಉತ್ತರ ಬರೆಯೋಕೆ ಟೈಮಿರುತ್ತೆ, ನಿಮ್ಮ ಸಾಕ್ಷಿಗಳ ಹೆಸ್ರೂ ಕೊಡಬಹುದು, ವಿಚಾರಣೆ 90 ದಿನದಲ್ಲಿ ಮುಗೀಬೇಕು, ಹೆಸರುಗಳು ಹೊರಗೆ ಹೋಗೋ ಹಾಗಿಲ್ಲ. ಬೇಕಂತಲೇ ಸುಳ್ಳು ದೂರು ಕೊಟ್ಟಿದ್ದು ವಿಚಾರಣೆಲಿ ಸಾಬೀತಾದ್ರೆ ಕ್ರಮ ಇದೆ. ಆದ್ರೆ ಸಾಕ್ಷಿ ಸಿಗ್ಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗಲ್ಲ, ಕಾಯ್ದೆಲೇ ಹಂಗಂತ ಇದೆ, ಇದನ್ನ ಮ್ಯಾನೇಜ್‌ಮೆಂಟಿನೋರು ಪದೇ ಪದೇ ಮರೀತಾರೆ.

ನಾನು ಜಾಸ್ತಿ ತಲೆ ಕೆಡಿಸ್ಕೊಳ್ಳೋದು ದೂರು ಕೊಟ್ಟ ಮೇಲಿನ ದಿನಗಳ ಬಗ್ಗೆ. ಒಂದು ನರ್ಸಿಂಗ್ ಹೋಮಲ್ಲಿ ದೂರು ಕೊಟ್ಟ ಸಿಸ್ಟರ್ ಜೊತೆ ಯಾರೂ ಜಗಳ ಆಡ್ಲಿಲ್ಲ, ಬೈಲಿಲ್ಲ, ಸುಮ್ನೆ ಮಾತು ನಿಲ್ಲಿಸಿದ್ರು. ವಾರ್ಡ್ ಬಾಯ್ ಕರೆದ್ರೆ ತಡ ಮಾಡೋನು, ಡ್ಯೂಟಿ ಬದಲಾದ್ರೆ ಹೇಳ್ತಿರ್ಲಿಲ್ಲ, ಜೊತೆಗಿದ್ದ ಹೆಂಗಸ್ರೂ ಊಟದ ಡಬ್ಬಿ ಎತ್ಕೊಂಡು ಬೇರೆ ಕಡೆ ಕೂತ್ರು. ಕೊನೆಗೆ ಆ ಹೆಣ್ಮಗಳು ನನ್ಹತ್ರ "ಮೇಡಂ, ಆಗಿದ್ದಕ್ಕಿಂತ ಇದೇ ಜಾಸ್ತಿ ಆಗೈತಿ" ಅಂದ್ಲು. ಕೆಲ್ಸಕ್ಕೆ ಅಡ್ಡಿ ಮಾಡೋದು, ಅವಮಾನ ಆಗೋ ಹಂಗೆ ನಡ್ಕೊಳ್ಳೋದು ಕಿರುಕುಳದ ಜೊತೆ ಸೇರ್ಕೊಂಡಿದ್ರೆ ಅದನ್ನೂ ಕಾಯ್ದೆ ಲೆಕ್ಕಕ್ಕೆ ತಗೊಳ್ಳುತ್ತೆ. ವಿಚಾರಣೆ ನಡೀವಾಗ ಅವಳು ಕೇಳಿದ್ರೆ ಅವಳನ್ನೋ ಆತನನ್ನೋ ವರ್ಗ ಮಾಡಿ ಅಂತ, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಿ ಅಂತ ಕಮಿಟಿ ಶಿಫಾರಸು ಮಾಡಬಹುದು. ಆದ್ರೆ ಮಾತಾಡ್ಸಿ ಅಂತ ಆರ್ಡರ್ ಮಾಡೋಕಾಗಲ್ಲ, ಅದನ್ನ ಆ ಜಾಗದ ದೊಡ್ಡೋರೇ ಮುಂದೆ ನಿಂತು ಮಾಡ್ಬೇಕು.

ನಾನು ಸೀನಿಯರ್ ಗಂಡಸ್ರಿಗೆ ಹೇಳೋದು ಇಷ್ಟೇ, ಹುಡುಗನಿಗೆ ಹೇಳ್ಕೊಡೋ ಕೆಲ್ಸನ ಹುಡುಗಿಗೂ ಹೇಳ್ಕೊಡಿ, ಫೀಲ್ಡಿಗೆ ಇಬ್ರನ್ನೂ ಸರದಿ ಮೇಲೆ ಕಳ್ಸಿ, ಹೊತ್ತಾದ್ರೆ ವಾಪಸ್ ಬರೋಕೆ ಗಾಡಿ ವ್ಯವಸ್ಥೆ ಕಂಪ್ನಿದೇ ಇರ್ಲಿ, ರಾತ್ರಿ ಹತ್ತಕ್ಕೆ ಆಫೀಸ್ ವಿಷಯ ಬಿಟ್ಟು ಬೇರೆ ಮೆಸೇಜ್ ಯಾಕೆ.

ಮಂಡಿಪೇಟೆ ಬಟ್ಟೆ ಅಂಗಡಿಲೋ ಮೆಡಿಕಲ್ ಶಾಪಲ್ಲೋ ಕೆಲ್ಸ ಮಾಡೋ ಅಕ್ಕಂದ್ರಿಗೂ ಒಂದು ಮಾತು. ನಿಮ್ಮಲ್ಲಿ 10 ಜನಕ್ಕಿಂತ ಕಮ್ಮಿ ಇದ್ದು ಕಮಿಟಿ ಇಲ್ದಿದ್ರೆ, ಅಥವಾ ತೊಂದ್ರೆ ಕೊಡ್ತಿರೋನೇ ಮಾಲೀಕ ಆಗಿದ್ರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ಆಗಿ ಮೂರು ತಿಂಗಳೊಳಗೆ ಕೊಡ್ಬೇಕು, ತಕ್ಕ ಕಾರಣ ಇದ್ರೆ ಇನ್ನೂ ಮೂರು ತಿಂಗಳು ಸಮಯ ಕೊಡೋಕೆ ಅವ್ರಿಗೆ ಅಧಿಕಾರ ಐತಿ. ಬರೆಯೋಕೆ ಬರಲ್ಲ ಅಂತ ಹಿಂದೆ ಸರೀಬೇಡಿ, ದೂರು ಬರೆಯೋಕೆ ಸಹಾಯ ಮಾಡೋದು ಸಮಿತಿಯವ್ರ ಕರ್ತವ್ಯ.